ಹದಿನೆಂಟು ಮನೆಗೆ ಒಂದು ಕುರ್ಚಿ

ಹೋದ ವಾರ ಸೊಸೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿಕೊಂಡು ಏನೋ ಹುಡುಕುತ್ತಿದ್ದಳು. ಮನೆ ಸರ್ವೆಗೆ ಯಾರೋ ಬರುತ್ತಾರಂತೆ, ಅವರಿಗೆ ನೀರು ಕೊಡಲು ಒಂದು ಒಳ್ಳೆಯ ಲೋಟ ಬೇಕಂತೆ. ದಿನಾ ನಾವು ಕುಡಿಯುವ ಲೋಟಗಳಿಗೆ ಏನು ಬಂದಿತ್ತೋ ಕಾಣೆ. ಕೊನೆಗೆ ಹಳೇ ಸೀರೆಯ ಗಂಟಿನಿಂದ ಒಂದು ಸ್ಟೀಲ್ ಲೋಟ ತೆಗೆದು, ಸೋಪು ಹಚ್ಚಿ ತಿಕ್ಕಿ, ನನ್ನ ಮುಂದೆ ಹಿಡಿದಳು. "ಅತ್ತಿ, ಇದರ ಮ್ಯಾಲ ಹುಲಿಗೆಮ್ಮ ಅಂತ ಬರದೈತಿ. ಯಾರದಿದು?"

ನಾನು ಹುಲಿಗೆಮ್ಮ ಅಲ್ಲ. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಲೋಟ ಕೈಗೆ ತಗೊಂಡೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಬೆರಳಿಗೆ ಸಿಕ್ಕಿತು, ಕಣ್ಣು ಮುಚ್ಚಿದರೂ ಓದಬಹುದು. ಅದರ ಹಿಂದೆಯೇ ಆ ಮಾಸ್ತರು ನೆನಪಾದರು, ಮೈಯೆಲ್ಲ ಉರಿಯಿತು. ನಲವತ್ತು ವರ್ಷದ ಹಿಂದಿನ ಸಿಟ್ಟು ಇಷ್ಟು ಬಿಸಿಯಾಗಿ ಉಳಿದಿರುತ್ತದೆ ಅಂತ ನನಗೇ ಗೊತ್ತಿರಲಿಲ್ಲ…

ಅವರು ನನಗೆ ಅಕ್ಷರ ಕಲಿಸಿದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವುದು ಆಮೇಲೆ ಬೇಕಾದಷ್ಟಿದೆ. ಮರಿಯಮ್ಮನಹಳ್ಳಿಯಿಂದ ಒಂದು ಹರದಾರಿ ಒಳಗಿದ್ದ ನಮ್ಮ ಹಳ್ಳಿಯ ಶಾಲೆಗೆ ಅವರು ಸೈಕಲ್ ಮೇಲೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಎಲ್ಲಿ ಕೂರುವ ಮೊದಲೂ ಕರವಸ್ತ್ರ ಕೊಡವಿ ಹಾಸುವ ಚಾಳಿ. ಮಳೆ ನಂಬಿದ ಹೊಲದವರ ಮಕ್ಕಳಿಗೆ ಅಕ್ಷರ ದುಂಡಗೆ ಬರಲೇಬೇಕು ಅಂತ ಅವರಿಗೇಕೆ ಅಷ್ಟು ಹಟವಿತ್ತೋ. ಕೈ ಹಿಡಿದು ತಿದ್ದಿಸುತ್ತಿದ್ದರು, ತಪ್ಪಿದರೆ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಒಂದು ದಿನ ನನ್ನ ಸ್ಲೇಟು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. ಆವತ್ತು ಮನೆಗೆ ಬಂದು ನಾನು ಊಟ ಮಾಡಲಿಲ್ಲ, ಹಸಿವೇ ಇರಲಿಲ್ಲ.

ಏಳನೇ ಕ್ಲಾಸು ಮುಗಿದ ಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಿದ. ಮಾಸ್ತರು ಕೇಳಲು ಮನೆಗೇ ಬಂದರು. ಬರುತ್ತಾರೆ ಅಂತ ತಿಳಿದ ಕೂಡಲೆ ಅಪ್ಪ ಗೌಡರ ಮನೆಗೆ ಓಡಿಹೋಗಿ ಒಂದು ಕುರ್ಚಿ ತಲೆ ಮೇಲೆ ಹೊತ್ತು ತಂದ. ನಮ್ಮ ಕಡೆ ಇದು ರೂಢಿ. ಮನೆಯಲ್ಲಿ ಕುರ್ಚಿ ಇರಬೇಕೆಂದಿಲ್ಲ, ಕೂರುವವರು ಬಂದಾಗ ಇದ್ದರೆ ಸಾಕು. ಮಾಸ್ತರು ಕರವಸ್ತ್ರ ಹಾಸಿ ಕೂತರು, ಅಪ್ಪನಿಗೆ ಬಹಳ ಹೊತ್ತು ಹೇಳಿದರು. ಅಪ್ಪ ಹೂಂ ಅನ್ನುತ್ತಲೇ ಇದ್ದ, ಒಪ್ಪಲಿಲ್ಲ. ಏಳುವಾಗ ಅವರು ಕುರ್ಚಿಯ ಬೆನ್ನು ತಟ್ಟಿ ನಕ್ಕರು. "ಈ ಕುರ್ಚಿ ನನಗ ಗುರುತೈತಪ್ಪ. ಮುಂಜಾನಿ ಆ ಓಣ್ಯಾಗ ಇದರ ಮ್ಯಾಲ ಕುಂತಿದ್ದೆ. ಇನ್ನ ಮ್ಯಾಲ ನನಗ ಕುರ್ಚಿ ತರಬ್ಯಾಡ್ರಿ, ಹುಡುಗೀನ್ನ ಸಾಲಿಗೆ ಕಳಸ್ರಿ" ಅಂದರು. ಅಪ್ಪ ನಾಚಿಕೊಂಡ. ನಾನು ಬಾಗಿಲ ಹಿಂದೆ ನಿಂತು ಅತ್ತೆ. ಆದರೆ ಅವರ ಮೇಲೆ ನನಗಾದ ಅಭಿಮಾನ ಅಷ್ಟಿಷ್ಟಲ್ಲ.

ಆಮೇಲೆ ಮದುವೆಯಾಗಿ ಹೊಸಪೇಟೆಗೆ ಬಂದೆ. ಹೊಸಪೇಟೆ ಅಂದರೆ ಊರೊಳಗಲ್ಲ, ಚಿತ್ತವಾಡ್ಗಿಯ ಹಿಂಬದಿ, ಕಾಲುವೆ ದಂಡೆಯ ಮೇಲೆ. ಅಲ್ಲಿ ಹದಿನೆಂಟು ಗುಡಿಸಲು. ಮಣ್ಣಿನ ಗೋಡೆ, ಮೇಲೆ ಕಬ್ಬಿನ ರವದಿ, ಅಂದರೆ ಒಣ ಸೋಗೆಯ ಹೊದಿಕೆ. ಗಂಡ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ, ಉಳಿದ ದಿನ ಸಂಡೂರಿನ ಕಡೆ ಅದಿರಿನ ಲಾರಿ ತುಂಬಲು. ಕಾಲುವೆಯ ನೀರಿನಿಂದ ಊರು ಮೈದುಂಬಿಕೊಂಡ ಕಾಲ ಅದು. ಎತ್ತ ನೋಡಿದರೂ ಭತ್ತ, ಕಬ್ಬು, ಬಾಳೆ. ಆ ಭತ್ತ ನಾಟಿ ಮಾಡಿದ್ದು ನಾವು, ಕಬ್ಬು ಕಡಿದದ್ದು ನಾವು. ಊರೊಳಗೆ ಮಹಡಿ ಮೇಲೆ ಮಹಡಿ ಏಳುತ್ತಿದ್ದವು. ನಾವು ಮಾತ್ರ ದಂಡೆಯ ಮೇಲೆಯೇ ಇದ್ದೆವು, ಮಕ್ಕಳು ನೀರಿಗೆ ಬೀಳದಂತೆ ಕಾಲಿಗೆ ಹಗ್ಗ ಕಟ್ಟಿಕೊಂಡು.

ಒಂದು ವರ್ಷ ಜೀಪು ಬಂತು, ಮೈಕಿನಲ್ಲಿ ಕೂಗಿತು. ಕಾಲುವೆಗೆ ಸಿಮೆಂಟು ಹಾಕಿಸುತ್ತಾರೆ, ದಂಡೆಯ ಗುಡಿಸಲು ತೆಗೆಯಬೇಕು. ಮನೆಯಿಲ್ಲದ ಬಡವರಿಗೆ ಊರ ಅಂಚಿನಲ್ಲಿ ಸೈಟು ಕೊಡುತ್ತಾರೆ. ಮೊದಲು ಮನೆ ಮನೆ ಸರ್ವೆ, ಆಮೇಲೆ ಪಟ್ಟಿ, ಆಮೇಲೆ ಜನರ ಸಭೆ. ಜನರನ್ನು ಕೇಳಿಯೇ ಹಂಚುತ್ತೇವೆ ಅಂತ ಮೈಕಿನವನು ಮೂರು ಸಲ ಹೇಳಿದ. ನಮ್ಮನ್ನು ಯಾರಾದರೂ ಏನಾದರೂ ಕೇಳುತ್ತಾರೆ ಅನ್ನುವುದೇ ಹೊಸದು. ಅತ್ತೆ ಆವತ್ತು ಎರಡು ಸಲ ಹಣೆಗೆ ಕುಂಕುಮ ಇಟ್ಟುಕೊಂಡಳು.

ಸರ್ವೆಗೆ ಬರುವವರು ಯಾರು ಅಂತ ವಿಚಾರಿಸಿದರೆ, ಇದೇ ಮಾಸ್ತರು! ಊರಿನ ಶಾಲೆಗೆ ವರ್ಗವಾಗಿ ಬಂದಿದ್ದರಂತೆ. ಜನಗಣತಿ, ಮನೆ ಗಣತಿ ಎಲ್ಲಕ್ಕೂ ಮಾಸ್ತರುಗಳನ್ನೇ ಹಚ್ಚುತ್ತಿದ್ದರು. ನಾನು ಹದಿನೆಂಟೂ ಮನೆ ಸುತ್ತಿ ಡಂಗುರ ಸಾರಿದೆ. ನಮ್ಮ ಸರ್ ಬರ್ತಾರ, ನನಗ ಕಲಿಸಿದವರು, ಭಾಳ ಒಳ್ಳೆಯವರು. ಅಂಥವರು ಬರುವಾಗ ದಂಡೆ ಹೀಗೇ ಇರಬೇಕೇನು? ಸುಣ್ಣ ತರಿಸಿದೆವು. ಲಾರಿಯವರಿಂದ ಸಂಡೂರಿನ ಕೆಮ್ಮಣ್ಣು ತರಿಸಿ ಗೋಡೆಯ ಬುಡಕ್ಕೆ ಪಟ್ಟಿ ಬಳಿದೆವು. ಕುರ್ಚಿಗೆ ಏನು ಮಾಡುವುದು? ಸೇತುವೆಯ ಬಳಿ ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿಯವನು ನಮ್ಮ ಸಾಲಿನವನೇ. ಅವನ ಕುರ್ಚಿಯ ಎಡಗೈ ಮುರಿದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ದರ್ಜಿಯ ಮನೆಯಿಂದ ಗೋಡೆ ಗಡಿಯಾರ, ನಾಲ್ಕು ಹತ್ತಕ್ಕೆ ನಿಂತದ್ದು. ಪಕ್ಕದ ಗುಡಿಸಲಿನ ಹುಲಿಗೆಮ್ಮಜ್ಜಿಯ ಮಗ ಲಾರಿ ಡ್ರೈವರ್, ಅವನ ರೇಡಿಯೋ. ಅಜ್ಜಿಯ ಮಗಳ ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಲೋಟ, ಅಜ್ಜಿಯ ಹೆಸರು ಕೊರೆದದ್ದು. ಈ ಸಾಮಾನನ್ನೇ ಮನೆಯಿಂದ ಮನೆಗೆ ದಾಟಿಸುವ ಉಪಾಯ ಯಾರದು ಅಂತ ಕೇಳಿದರೆ, ನನ್ನದೇ.

ಮಾಸ್ತರು ಬೆಳಿಗ್ಗೆ ಬಂದರು. ಕೂದಲು ಕಿವಿಯ ಹತ್ತಿರ ನೆರೆತಿತ್ತು, ಬಿಳಿ ಅಂಗಿ ಹಾಗೆಯೇ ಇತ್ತು. ಒಂದೊಂದು ಮನೆಯೊಳಗೂ ಕರವಸ್ತ್ರ ಹಾಸಿ ಕೂರುವುದು, ಫಾರಂ ತುಂಬುವುದು, ಹೊರಗೆ ಬಂದು ಬಾಗಿಲ ಪಕ್ಕ ಬಣ್ಣದಲ್ಲಿ ನಂಬರು ಬರೆಯುವುದು. ಅವರು ನಂಬರು ಬರೆಯುವಷ್ಟರಲ್ಲಿ ಹಿತ್ತಲಿನ ಕಡೆಯಿಂದ ಕುರ್ಚಿ ಮುಂದಿನ ಮನೆಗೆ ಹೋಗಿಬಿಡುತ್ತಿತ್ತು. ಹೆಂಗಸರು ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡುತ್ತಿದ್ದರು. ಗಡಿಯಾರಕ್ಕೆ ಹದಿನೆಂಟೂ ಗೋಡೆಗೆ ಮೊದಲೇ ಮೊಳೆ ಹೊಡೆದಿಟ್ಟಿದ್ದೆವು. ಬೆಳಗಿನಿಂದ ಮಧ್ಯಾಹ್ನದವರೆಗೆ ಎಲ್ಲರ ಮನೆಯಲ್ಲೂ ನಾಲ್ಕು ಹತ್ತು. ನಗು ತಡೆಯಲಾಗದೆ ದರ್ಜಿಯ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಷ್ಟು ಖುಷಿಯ ದಿನ ದಂಡೆಯ ಮೇಲೆ ನಾನು ಮತ್ತೆ ಕಾಣಲಿಲ್ಲ.

ಕೊನೆಯದು ನಮ್ಮ ಮನೆ. ಅವರು ಟ್ಯೂಬು ಸುತ್ತಿದ ಕೈಯ ಮೇಲೆ ಕೈಯಿಟ್ಟು ಕೂತರು. ನಾನು ಲೋಟದಲ್ಲಿ ಚಹಾ ಕೊಟ್ಟೆ. ಕುಡಿಯುವ ಮೊದಲು ಲೋಟವನ್ನು ನಿಧಾನಕ್ಕೆ ತಿರುಗಿಸಿ ಆ ಹೆಸರನ್ನು ಓದಿದರು. ನನ್ನ ಕಣ್ಣಿನಿಂದ ನಾನೇ ನೋಡಿದೆ, ತುಟಿ ಅಲುಗಿತು. ಬೆಳಗಿನಿಂದ ಎಷ್ಟು ಮನೆಯಲ್ಲಿ ಅದೇ ಲೋಟದಲ್ಲಿ ನೀರು ಕುಡಿದಿದ್ದರೋ, ಆ ಹೆಸರು ಎಷ್ಟು ಸಲ ಓದಿದ್ದರೋ! ಆಮೇಲೆ ನನ್ನ ಮುಖ ನೋಡಿ ಮೀಸೆಯಲ್ಲೇ ನಕ್ಕರು. "ಆರಾಮ ಅದೀಯೇನವ್ವ?" ಅಂದರು. ಅಷ್ಟೇ ಸಾಕಾಯಿತು ನನಗೆ. ಅವರಿಗೆ ಗೊತ್ತಾಗಿದೆ, ಗೌಡರ ಕುರ್ಚಿಯ ಹಾಗೆ ಇದೂ ಗುರುತು ಸಿಕ್ಕಿದೆ, ನಮ್ಮ ಮರ್ಯಾದೆ ಉಳಿಸಿ ಬರೆಯಬೇಕಾದದ್ದನ್ನು ಬರೆಯುತ್ತಾರೆ ಅಂದುಕೊಂಡೆ. ಅವರು ಹೋದ ಮೇಲೆ ಲೋಟ ವಾಪಸ್ ಕೊಡಲು ಹೋದರೆ, ಹುಲಿಗೆಮ್ಮಜ್ಜಿ, "ಇರ್ಲಿ ಬಿಡವ್ವ, ಎಲ್ಲಿ ಹೋಗ್ತೈತಿ" ಅಂದಳು.

ಪಟ್ಟಿ ಅಂಟಿಸಿದ ದಿನ ನಾನೇ ಹೋಗಿ ಓದಿದೆ. ದಂಡೆಯ ಹದಿನೆಂಟು ಮನೆಯಲ್ಲಿ ಒಂದರ ಹೆಸರೂ ಇರಲಿಲ್ಲ. ಪಕ್ಕದ ಹಾಳೆಯಲ್ಲಿ ಕೈಬಿಟ್ಟವರ ವಿವರವಿತ್ತು. ಕುರ್ಚಿ ಇದೆ, ಗಡಿಯಾರ ಇದೆ, ರೇಡಿಯೋ ಇದೆ, ಗೋಡೆಗೆ ಸುಣ್ಣ ಇದೆ, ಸ್ಥಿತಿವಂತರು. ಹದಿನೆಂಟು ಸಾಲಿನಲ್ಲೂ ಅದೇ ಮಾತು, ಅದೇ ಕೈಬರಹ. ನನಗೆ ತಿದ್ದಿ ಕಲಿಸಿದ ಆ ದುಂಡನೆಯ ಅಕ್ಷರ. ಮತ್ತೊಮ್ಮೆ ಮೊದಲಿನಿಂದ ಓದಿದೆ.

ಪಟ್ಟಿಯಲ್ಲಿ ಹೆಸರು ಬಂದವರು ಯಾರು ಅಂದರೆ, ಚಿತ್ತವಾಡ್ಗಿಯ ಒಳಗೇ ಮನೆಯಿದ್ದವರು ಹತ್ತಾರು ಮಂದಿ. ಅವರಿಗೆ ಫಾರಂನಲ್ಲಿ ಏನೇನು ಕೇಳುತ್ತಾರೆ ಅಂತ ಮೊದಲೇ ತಿಳಿದಿತ್ತು. ಮಂಚ, ಕುರ್ಚಿ, ರೇಡಿಯೋ ಎಲ್ಲ ಗಾಡಿಗೆ ಹೇರಿ ಕಂಪ್ಲಿಯ ನೆಂಟರ ಮನೆಗೆ ಸಾಗಿಸಿ, ಹರಿದ ಚಾಪೆ ಹಾಸಿಕೊಂಡು, ಯಾರದೋ ದನದ ಹಟ್ಟಿಯನ್ನೇ ಮನೆ ಅಂತ ತೋರಿಸಿಕೊಂಡು ಕೂತಿದ್ದರು. ಮಾಸ್ತರು ಅಲ್ಲಿಯೂ ಕಂಡದ್ದನ್ನೇ ಬರೆದರು, ಏನೂ ಇಲ್ಲ. ಅವರು ಮನೆ ಖಾಲಿ ಮಾಡಿ ತೋರಿಸಿದರು, ನಾವು ಮನೆ ತುಂಬಿ ತೋರಿಸಿದೆವು. ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಗುರುಗಳು ಬರುವ ದಿನ ಖಾಲಿ ಮನೆ ತೋರಿಸುವ ಮನಸ್ಸು ನಮಗಿತ್ತೇ… ಗೊತ್ತಿಲ್ಲ.

ತಕರಾರಿದ್ದವರು ಹೇಳಲು ಒಂದು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಮೇಜಿನ ಹಿಂದೆ ಸಾಹೇಬರು, ಮೈಸೂರು ಕಡೆಯವರು. ಪಕ್ಕದಲ್ಲಿ ಸರ್ವೆ ಮಾಡಿದ ಮಾಸ್ತರು. ನಾವು ಕೆಳಗೆ ಜಮಖಾನೆಯ ಮೇಲೆ. ಸಾಹೇಬರು ಹಾಳೆ ತಿರುವಿ ಹಾಕಿ, "ಈ ಕಾಲುವೆಯವರಿಗೇನ್ರೀ ಕಡಿಮೆ ಆಗಿರೋದು? ಮನೆಗೊಂದು ಕುರ್ಚಿ, ಮನೆಗೊಂದು ರೇಡಿಯೋ. ನಮ್ಮನೆ ರೇಡಿಯೋನೇ ಕೆಟ್ಟು ಕೂತಿದೆ" ಅಂದರು. ಹಾಲು ತುಂಬ ನಗೆ. ಪಟ್ಟಿಯಲ್ಲಿ ಹೆಸರಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಬಾಯಿಗಳಿಗೆ ಕೆಸರು ಮೆತ್ತಬೇಕು ಅನ್ನಿಸಿತು ನನಗೆ.

ದಂಡೆಯವರು ಒಬ್ಬರೂ ಬಾಯಿ ಬಿಡಲಿಲ್ಲ. ಕುರ್ಚಿ ನಮ್ಮದಲ್ಲ, ಕೇಳಿ ತಂದದ್ದು ಅಂತ ಊರೆಲ್ಲ ಕೂತ ಕಡೆ ಹೇಳುವುದಾದರೂ ಹೇಗೆ? ನಮ್ಮ ಮನೆಗೆ ಇನ್ನೂ ಒಂದು ಕಷ್ಟವಿತ್ತು. ನಾದಿನಿಗೆ ಕಂಪ್ಲಿಯ ಗಂಡು ಗೊತ್ತಾಗಿತ್ತು. ಗಂಡಿನ ಸೋದರಮಾವ ಹಿಂದಿನ ತಿಂಗಳಷ್ಟೇ ಹೆಣ್ಣು ನೋಡಲು ಬಂದು ಅದೇ ಟ್ಯೂಬು ಸುತ್ತಿದ ಕುರ್ಚಿಯಲ್ಲಿ ಕೂತು ಹೋಗಿದ್ದರು. ಸಭೆಯ ದಿನ ಏನೋ ಕೆಲಸಕ್ಕೆ ಊರಿಗೆ ಬಂದಿದ್ದ ಅವರೂ ಹಾಲಿನಲ್ಲಿದ್ದರು. ನಾನು ಏಳಲು ಹೋದಾಗ ಅತ್ತೆ ನನ್ನ ಸೀರೆ ಹಿಡಿದು ಜಗ್ಗಿದಳು. "ಕುಂದ್ರು. ಬಾಯಿ ತಗದ್ರ ಹುಡುಗಿ ಬಾಳೇವು ಹೋಗ್ತೈತಿ."

ನಾನು ಮಾಸ್ತರ ಮುಖ ನೋಡಿದೆ. ಅವರು ಒಂದು ಮಾತು ಆಡಿದರೆ ಸಾಕಿತ್ತು. ಆಡಿದ್ದರೆ ನಾವು ಬಾಯಿ ತೆರೆಯಬೇಕಾಗಿರಲಿಲ್ಲ, ನಮ್ಮ ಮಾನವೂ ಉಳಿಯುತ್ತಿತ್ತು, ಮನೆಯೂ ಆಗುತ್ತಿತ್ತು. ಅವರು ಪೆನ್ನಿನ ಟೊಪ್ಪಿಗೆ ತೆಗೆಯುವುದು, ಹಾಕುವುದು, ಇಷ್ಟೇ ಮಾಡುತ್ತಿದ್ದರು. ಸಾಹೇಬರು ಮುಂದಿನ ಹಾಳೆಗೆ ಕೈ ಹಾಕಿದರು. ಅತ್ತೆಯ ಕೈ ಬಿಡಿಸಿಕೊಂಡು ಎದ್ದುಬಿಟ್ಟೆ.

"ಕುರ್ಚಿ ಒಂದ ಐತ್ರಿ ಸಾಹೇಬ್ರ. ಹದಿನೆಂಟು ಮನಿಗೂ ಅದ ಒಂದ ಕುರ್ಚಿ. ಸರ್ ಬರ್ತಾರಂತ ಮನಿಯಿಂದ ಮನಿಗೆ ಹೊತ್ಕೊಂಡು ಹೋಗೀವ್ರಿ. ಬೇಕಂದ್ರ ಅವರನ್ನ ಕೇಳ್ರಿ."

ಸಾಹೇಬರು ಪಕ್ಕಕ್ಕೆ ತಿರುಗಿ, "ಹೌದೇನ್ರೀ ಮೇಷ್ಟ್ರೇ?" ಅಂದರು. ಮಾಸ್ತರು ಇನ್‌ಸ್ಪೆಕ್ಟರ್ ಬಂದಾಗ ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ಎದ್ದು ನಿಂತರು. "ಪ್ರತಿ ಮನ್ಯಾಗ ಕುರ್ಚಿ ಇತ್ರಿ ಸರ್. ನಾ ಕಂಡಿದ್ದನ್ನ ಬರದೀನಿ." ಸುಳ್ಳಲ್ಲ ನೋಡಿ. ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. "ನಮ್ಮಪ್ಪನ ಮನ್ಯಾಗ ಗೌಡ್ರ ಕುರ್ಚಿ ಗುರುತು ಹಿಡಿದಿದ್ರಲ್ಲ ಸರ್. ಇಲ್ಲಿ ಯಾಕ ಹಿಡೀಲಿಲ್ರಿ?" ಅಂದೆ. ನನ್ನ ದನಿ ಅಷ್ಟು ಜೋರಿದೆ ಅಂತ ನನಗೆ ಗೊತ್ತಾದದ್ದು ಆವತ್ತೇ.

ಅವರು ನನ್ನನ್ನು ನೋಡಿದರು. ಬಹಳ ಮೆತ್ತಗೆ, ಕ್ಲಾಸಿನಲ್ಲಿ ಲೆಕ್ಕ ಬಿಡಿಸಿ ಹೇಳುವಾಗಿನ ದನಿಯಲ್ಲಿ, "ಅವತ್ತು ನನ್ನ ಕೈಯಾಗ ಫಾರಂ ಇರಲಿಲ್ಲವ್ವ" ಅಂದರು.

ಎಂಟು ದಿನದೊಳಗೆ ಬರವಣಿಗೆಯಲ್ಲಿ ಕೊಡಿ ಅಂತ ಹೇಳಿ ಸಾಹೇಬರು ಎದ್ದರು. ಅರ್ಜಿ ನಾನೇ ಬರೆದೆ. ಇಡೀ ದಂಡೆಯಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ, ಅದೂ ಅವರು ಕಲಿಸಿದ ಬರಹ. ಯಾವ ಸಾಮಾನು ಯಾರದು, ಯಾರ ಮನೆಯಿಂದ ಯಾರ ಮನೆಗೆ ಹೋಯಿತು, ಎಲ್ಲ ಬರೆದೆ. ಸಹಿಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಮಂದಿ ಬಾಗಿಲು ಮುಂದೆ ಮಾಡಿಕೊಂಡರು. ಸುಳ್ಳು ತೋರಿಸಿದೆವು ಅಂತ ನಾವೇ ಬರೆದುಕೊಟ್ಟರೆ ಜೈಲಿಗೆ ಹಾಕುತ್ತಾರೆ ಅಂತ ಸೈಕಲ್ ಅಂಗಡಿಯವನು ಹೆದರಿಸಿದ್ದ. ಹುಲಿಗೆಮ್ಮಜ್ಜಿ ಮಾತ್ರ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. "ನನ್ನ ಹೆಸರು ಲೋಟದ ಮ್ಯಾಲ ಐತಿ, ಇದರ ಮ್ಯಾಲೂ ಇರ್ಲಿ" ಅಂದಳು. ಒಟ್ಟು ಏಳು ಹೆಬ್ಬೆಟ್ಟು ಬಿದ್ದವು.

ತಿಂಗಳ ಮೇಲೆ ಅರ್ಜಿ ವಾಪಸ್ ಬಂತು. ಸರ್ವೆ ಮಾಡಿದವರ ವರದಿ ಪಡೆಯಲಾಗಿದೆ, ದಾಖಲೆ ಸರಿಯಿದೆ, ತಿರಸ್ಕರಿಸಲಾಗಿದೆ. ಅಂದರೆ ನನ್ನ ಕಾಗದ ಅವರ ಕೈಗೇ ಹೋಗಿತ್ತು. ಹಾಳೆ ತಿರುಗಿಸಿದರೆ ಹಿಂದೆ, ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಸಣ್ಣಗೆ, "ಅಕ್ಷರ ಚೆನ್ನಾಗಿವೆ" ಅಂತ ಬರೆದಿತ್ತು. ಅದು ತಪ್ಪೊಪ್ಪಿಗೆಯೋ, ಚಾಳಿಯೋ, ಲೇವಡಿಯೋ ನನಗೆ ಇವತ್ತಿಗೂ ತಿಳಿದಿಲ್ಲ. ಒಲೆಗೆ ಹಾಕಿದೆ.

ಕಂಪ್ಲಿಯ ಸಂಬಂಧ ಮುರಿಯಿತು. ಸಭೆ ಮುಗಿದ ನಾಲ್ಕನೇ ದಿನ ಹೇಳಿ ಕಳಿಸಿದರು, ಇನ್ನೊಬ್ಬರ ಕುರ್ಚಿ ತೋರಿಸಿ ಹೆಣ್ಣು ಕೊಡುವವರ ಸಹವಾಸ ಬ್ಯಾಡ ಅಂತ. ಆಮೇಲೆ ನಾದಿನಿಗೆ ಸಂಡೂರಿನ ಕಡೆ ಮದುವೆಯಾಯಿತು, ಆದರೆ ಇವತ್ತಿಗೂ ನನ್ನ ಜೊತೆ ಮಾತು ಅಷ್ಟಕ್ಕಷ್ಟೆ. ಗಂಡ ಆ ಬೇಸಿಗೆಯೆಲ್ಲ ಮುಖ ಕೊಟ್ಟು ಮಾತಾಡಲಿಲ್ಲ. ಮನೆಯೂ ಇಲ್ಲ, ಮಾನವೂ ಇಲ್ಲ. ಕಾಲುವೆಯ ನೀರು ನಿಲ್ಲಿಸಿದ ಮೇಲೆ ಗುಡಿಸಲು ಕಿತ್ತರು. ಮೊಳೆ ಹೊಡೆದ ಆ ಗೋಡೆಗಳನ್ನು ಬೀಳಿಸಲು ಒಂದು ಟ್ರ್ಯಾಕ್ಟರಿಗೆ ಒಂದು ಹೊತ್ತೂ ಬೇಕಾಗಲಿಲ್ಲ. ಸುಣ್ಣದ ಧೂಳು ನೀರಿಲ್ಲದ ಕಾಲುವೆಯೊಳಗೆ ಬಿತ್ತು.

ದಂಡೆಯವರು ದಿಕ್ಕಿಗೊಬ್ಬರಾದರು. ಹುಲಿಗೆಮ್ಮಜ್ಜಿ ಮಗನ ಜೊತೆ ಕುರೆಕುಪ್ಪದ ಕಡೆ ಹೋದಳು. ವರ್ಷದ ಮೇಲೆ ಲೋಟ ಕೊಟ್ಟು ಬರೋಣ ಅಂತ ನಾನು ಹುಡುಕಿಕೊಂಡು ಹೋದೆ. ಒಂದು ತಗಡಿನ ಶೆಡ್ಡು ತೋರಿಸಿದರು, ಬೀಗ ಹಾಕಿತ್ತು. ಅಜ್ಜಿ ಚಳಿಗಾಲದಲ್ಲೇ ತೀರಿಕೊಂಡಳು, ಮಗ ಗಣಿ ಬಿಟ್ಟು ಎಲ್ಲಿಗೋ ಹೋದ ಅಂದರು. ಲೋಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಅದೇ ಬಸ್ಸಿಗೆ ವಾಪಸ್ ಬಂದೆ.

ನಾನು ಆಮೇಲೆ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಕೈಗೂ ಫಾರಂ ಬಂತು, ಎಷ್ಟೋ ವರ್ಷ ತುಂಬಿದೆ. ಆದ್ದರಿಂದ ನನಗೆ ಯಾರೂ ಫಾರಂ ಪಾಠ ಹೇಳಬೇಕಾಗಿಲ್ಲ. ಯಾರ ಮನೆಗೆ ಹೋದರೂ ಕುರ್ಚಿ ತಂದಿಟ್ಟರೆ ನಾನು ಹೊಸ್ತಿಲ ಬಳಿ ನೆಲದ ಮೇಲೆ ಕೂತೆ. ಟಿ.ವಿ. ಕಂಡರೆ, ಇದು ಯಾರದವ್ವ ಅಂತ ಕೇಳಿದೆ. ಒಮ್ಮೆ ಹಾಳೆಯ ಅಂಚಿನಲ್ಲಿ, ಟಿ.ವಿ. ಪಕ್ಕದ ಮನೆಯದು ಅಂತ ಬರೆದೆ. ಮೇಲಿನವರು ಬೈದರು, ಹಾಳೆ ಹೊಲಸು ಮಾಡಬೇಡ ಅಂದರು. ಬೈದರು, ಅಷ್ಟೇ. ಕೆಲಸ ಹೋಗಲಿಲ್ಲ, ತಲೆ ಹೋಗಲಿಲ್ಲ. ಯಾವ ಫಾರಂಗೂ ಅಂಚು ಅಂತ ಇದ್ದೇ ಇರುತ್ತದೆ. ಅರ್ಜಿಯ ಮೂಲೆಯಲ್ಲಿ ಅಕ್ಷರ ಚೆನ್ನಾಗಿವೆ ಅಂತ ಬರೆಯಲು ಅವರಿಗೆ ಜಾಗ ಸಿಕ್ಕಿತಲ್ಲ!

ಅವರನ್ನು ಕೊನೆಯ ಸಲ ನೋಡಿದ್ದು ಹೊಸಪೇಟೆಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ. ರಿಟೈರ್ ಆಗಿದ್ದರು, ಬೆನ್ನು ಬಾಗಿತ್ತು, ಅಂಗಿ ಮಾತ್ರ ಅದೇ ಬಿಳುಪು. ನಾನು ಬದನೆಕಾಯಿ ಆರಿಸುತ್ತಿದ್ದೆ. ತಾವಾಗಿಯೇ ಹತ್ತಿರ ಬಂದು, "ಆರಾಮ ಅದೀಯೇನವ್ವ? ಮನಿ ಆತೇನು?" ಅಂದರು. ಕೇಳಲು ನಾಲಿಗೆಯಾದರೂ ಹೇಗೆ ಬಂತು! "ನಿಮ್ಮ ಫಾರಂನ್ಯಾಗ ನೋಡ್ರಿ ಸರ್, ಯಾವತ್ತೋ ಆಗೇತಿ" ಅಂದೆ. ಅವರ ಮುಖ ಬಿದ್ದುಹೋಯಿತು. ಏನೋ ಹೇಳಲು ಬಾಯಿ ತೆರೆದರು, ನಾನು ಕೇಳಲು ನಿಲ್ಲಲಿಲ್ಲ. ಸಾಲಿನ ತುದಿಯಲ್ಲಿ ತಿರುಗಿ ನೋಡಿದೆ, ಕೈಚೀಲ ಹಿಡಿದು ಅಲ್ಲೇ ನಿಂತಿದ್ದರು. ನನಗೆ ಆವತ್ತು ತಣ್ಣಗಾಗಬೇಕಿತ್ತು, ಆಗಲಿಲ್ಲ.

ಅವರು ಹೋದ ಸುದ್ದಿ ನನಗೆ ಬಹಳ ತಡವಾಗಿ ಬಂತು. ಕೊನೆತನಕ ಬಾಡಿಗೆ ಮನೆಯಲ್ಲೇ ಇದ್ದರಂತೆ. ನಮ್ಮ ಸೈಟುಗಳಲ್ಲಿ ಒಂದನ್ನು ಅವರು ಹೊಡೆದುಕೊಂಡಿದ್ದರೆ ಬೈಯಲು ಎಷ್ಟು ಸುಲಭವಿತ್ತು. ಅವರಿಗೇನೂ ಸಿಗಲಿಲ್ಲ. ಏನೂ ಇಲ್ಲದೆ, ಬರೀ ಹಾಳೆ ಚೊಕ್ಕಟವಾಗಿರಲಿ ಅಂತ, ಹದಿನೆಂಟು ಮನೆ ಹಾಳು ಮಾಡಿದರು. ಇದನ್ನು ನಾನು ಕ್ಷಮಿಸಿಲ್ಲ. ಸುಳ್ಳು ಹೇಳುವುದೇಕೆ, ಕ್ಷಮಿಸುವ ಮನಸ್ಸೂ ಇಲ್ಲ. ಆದರೆ ಸುದ್ದಿ ಕೇಳಿದ ದಿನ ಅಡುಗೆ ಮನೆಯಲ್ಲಿ ಕೂತು ಅತ್ತೆ, ಸ್ಲೇಟು ಎತ್ತಿ ತೋರಿಸಿದ ಮಾಸ್ತರಿಗಾಗಿ…

ನಾವು ಈಗಲೂ ಚಿತ್ತವಾಡ್ಗಿಯಲ್ಲಿ ಬಾಡಿಗೆಗೇ ಇದ್ದೇವೆ, ಮಗ ಆಟೋ ಓಡಿಸುತ್ತಾನೆ. ಸರ್ವೆಯ ಹುಡುಗಿ ಹೋದ ವಾರ ಮಧ್ಯಾಹ್ನ ಬಂದಳು, ಕೈಯಲ್ಲಿ ಮೊಬೈಲು. ಅಷ್ಟರೊಳಗೆ ಸೊಸೆ ಎದುರು ಮನೆಯಿಂದ ಒಂದು ಹೊಸಾ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಳು. ನೋಡಿದ್ದೇ ತಡ ನಾನು ಕಿರುಚಿಬಿಟ್ಟೆ. "ತಗೊಂಡು ಹೋಗಿ ಕೊಟ್ಟು ಬಾ! ಈಗಿಂದೀಗ!" ಸೊಸೆ ಬೆದರಿದಳು, ಕಣ್ಣಲ್ಲಿ ನೀರು ಬಂತು. ಪಾಪ, ಅವಳದೇನು ತಪ್ಪು, ಮನೆಗೆ ಬಂದವರನ್ನು ನೆಲದ ಮೇಲೆ ಕೂರಿಸಬಾರದು ಅಂತ ಅವಳಿಗೆ ಕಲಿಸಿದವಳು ನಾನೇ.

ಹುಡುಗಿ ಹೊಸ್ತಿಲ ಮೇಲೆಯೇ ಕೂತಳು. ಬಿಸಿಲಲ್ಲಿ ತಿರುಗಿ ಬಂದಿದ್ದಳು, ಸೊಸೆ ಕೊಟ್ಟ ನೀರನ್ನು ಗಟಗಟ ಕುಡಿದಳು. ಅರ್ಧ ಕುಡಿದು ನಿಲ್ಲಿಸಿ, ಲೋಟ ತಿರುಗಿಸಿ ನೋಡಿ, "ಅಜ್ಜಿ, ಹುಲಿಗೆಮ್ಮ ಅಂದ್ರ ನೀವಾ?" ಅಂದಳು.

"ಅಲ್ಲವ್ವ. ಆ ಲೋಟ ನಮ್ಮದಲ್ಲ. ಹಂಗಂತ ಬರಕೊ" ಅಂದೆ. ಹುಡುಗಿ ನಕ್ಕಳು. ಲೋಟಕ್ಕೆಲ್ಲ ಇದರೊಳಗೆ ಕಾಲಂ ಇಲ್ಲ ಅಜ್ಜಿ ಅಂದು, ಬಾಗಿಲಿನ ಫೋಟೋ ಹೊಡೆದುಕೊಂಡು ಮುಂದಿನ ಮನೆಗೆ ಹೋದಳು. ನಮಗೆ ಈ ಸಲ ಮನೆ ಸಿಗುತ್ತದೋ ಇಲ್ಲವೋ, ದೇವರಿಗೇ ಗೊತ್ತು.

ಅವಳು ಹೋದ ಮೇಲೆ ಲೋಟ ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಇದು ನಿನ್ನ ಹೆಸರಾ ಅಂತ ಒಂದು ಮಾತು, ಅಷ್ಟೇ ಬೇಕಿದ್ದದ್ದು. ಆ ಹುಡುಗಿ ಬಾಯಾರಿಕೆಯ ನಡುವೆ ಸುಮ್ಮನೆ ಕೇಳಿದಳು. ಮಾಸ್ತರು ಹದಿನೆಂಟು ಮನೆಯಲ್ಲಿ, ಅದೇ ಲೋಟ ಹಿಡಿದು, ಓದಿಯೂ ಕೇಳಲಿಲ್ಲ. ಈಗ ಹೋಗಿ ಹೇಳೋಣವೆಂದರೆ ಅವರಿಲ್ಲ, ಲೋಟ ಕೊಟ್ಟು ಬರೋಣವೆಂದರೆ ಹುಲಿಗೆಮ್ಮಜ್ಜಿಯೂ ಇಲ್ಲ. ಲೋಟವನ್ನು ಪೆಟ್ಟಿಗೆಗೆ ಹಾಕಬೇಡ ಅಂತ ಸೊಸೆಗೆ ಹೇಳಿದೆ. ದಿನಾ ಅದರಲ್ಲೇ ನೀರು ಕುಡಿಯುತ್ತೇನೆ.